ಎತ್ತಿಗೆ ಜ್ವರ, ಎಮ್ಮೆಗೆ ಬರೆ: ಅಕ್ರಮ ವಲಸೆ, ಪೌರತ್ವ ಮತ್ತು ಜನಾಂಗೀಯ ಪೂರ್ವಗ್ರಹ

(ಹೌನ್ಸ್ಲೋದಲ್ಲಿ ನಡೆದ ನಮ್ಮ ಸಭೆಯಲ್ಲಿ ನೀಡಿದ ಅತಿಥಿ ಉಪನ್ಯಾಸದ ಪೂರ್ಣಪಾಠ)



ಸಾಮಾನ್ಯವಾಗಿ ಇಂಥ ಸಭೆಗಳಲ್ಲಿ ವೈದ್ಯನಾದವನನ್ನು ಸಕ್ಕರೆ ಕಾಯಿಲೆಯ ಬಗ್ಗೆಯೋ ಹೃದಯಾಘಾತದ ಬಗ್ಗೆಯೋ ಮಾತನಾಡಲು ಕರೆಯುವುದು ವಾಡಿಕೆ. ಈ ಸಲ ಸಮಿತಿಯವರು ಬೇರೆಯದೇ ವಿಷಯವನ್ನು ಕೊಟ್ಟಿದ್ದಾರೆ. ನಾನು ವಕೀಲನಲ್ಲ, ರಾಜಕಾರಣಿಯೂ ಅಲ್ಲ. ಆದರೆ ಭಾರತದಲ್ಲಿ ಎಂಬಿಬಿಎಸ್ ಮುಗಿಸಿ, ಪರದೇಶದ ಆಸ್ಪತ್ರೆಗಳಲ್ಲಿ ತರಬೇತಿ ಪಡೆದ ಯಾವ ವೈದ್ಯನೂ ವೀಸಾ, ಪರವಾನಗಿ, ಪೌರತ್ವ ಎಂಬ ಶಬ್ದಗಳನ್ನು ಪುಸ್ತಕದಿಂದ ಕಲಿತಿರುವುದಿಲ್ಲ, ಜೀವನದಿಂದಲೇ ಕಲಿತಿರುತ್ತಾನೆ. ಜೊತೆಗೆ, ರೋಗಿಯ ಮುಖ ನೋಡಿ ರೋಗವನ್ನು ನಿರ್ಧರಿಸಬಾರದೆಂಬುದು ನಮಗೆ ಹೇಳಿಕೊಡುವ ಮೊದಲ ಪಾಠಗಳಲ್ಲೊಂದು. ಇಂದಿನ ವಿಷಯಕ್ಕೂ ಆ ಪಾಠ ಅನ್ವಯಿಸುತ್ತದೆಂಬುದೇ ನನ್ನ ವಾದ.

ನಮ್ಮಲ್ಲೊಂದು ಗಾದೆಯಿದೆ: ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು. ಕಳೆದ ಅರವತ್ತು ವರ್ಷಗಳಲ್ಲಿ ಅಕ್ರಮ ವಲಸೆ ಎಂಬ ಜ್ವರಕ್ಕೆ ನಡೆದ ಚಿಕಿತ್ಸೆಯ ಬಹುಭಾಗ ಈ ಬಗೆಯದು. ಜ್ವರವಿಲ್ಲವೆಂದು ನಾನು ಹೇಳುವುದಿಲ್ಲ. ಬರೆ ಯಾರ ಮೈಮೇಲೆ ಬಿತ್ತು, ಏಕೆ ಬಿತ್ತು ಎಂಬುದನ್ನು ವಿವರಿಸುವುದಷ್ಟೇ ನನ್ನ ಉದ್ದೇಶ.

ಅಕ್ರಮ ಎಂದರೆ ಯಾರು?

ಮೊದಲು ಶಬ್ದಗಳನ್ನು ಬಿಡಿಸಿಕೊಳ್ಳೋಣ. ಅಕ್ರಮ ವಲಸಿಗ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಇಂಗ್ಲಿಷ್ ಕಾಲುವೆಯನ್ನು ರಬ್ಬರ್ ದೋಣಿಯಲ್ಲಿ ದಾಟುವವನ ಚಿತ್ರ. 2022ರಲ್ಲಿ ಹೀಗೆ ಬಂದವರು 45,000ಕ್ಕೂ ಹೆಚ್ಚು. ಆದರೆ ಅವರಲ್ಲಿ ಬಹುತೇಕರು ದಡ ಸೇರಿದೊಡನೆ ಆಶ್ರಯ ಕೋರಿ ಅರ್ಜಿ ಹಾಕಿದವರು. 1951ರ ನಿರಾಶ್ರಿತರ ಅಂತರರಾಷ್ಟ್ರೀಯ ಒಪ್ಪಂದದ 31ನೆಯ ವಿಧಿಯ ಪ್ರಕಾರ, ಅಪಾಯದಿಂದ ನೇರವಾಗಿ ಓಡಿಬಂದು ವಿಳಂಬವಿಲ್ಲದೆ ಅಧಿಕಾರಿಗಳ ಮುಂದೆ ಹಾಜರಾದವನನ್ನು ಕಾಗದವಿಲ್ಲದೆ ಬಂದನೆಂಬ ಕಾರಣಕ್ಕೆ ಶಿಕ್ಷಿಸಕೂಡದು. ಬ್ರಿಟನ್ನಿನ 2022ರ ರಾಷ್ಟ್ರೀಯತೆ ಮತ್ತು ಗಡಿಗಳ ಕಾಯಿದೆಯಾದರೋ ಅನುಮತಿಯಿಲ್ಲದ ಪ್ರವೇಶಕ್ಕೆ ನಾಲ್ಕು ವರ್ಷಗಳವರೆಗಿನ ಸೆರೆವಾಸವನ್ನು ವಿಧಿಸಿತು. ಒಪ್ಪಂದಕ್ಕೂ ಕಾಯಿದೆಗೂ ನಡುವಿನ ಈ ಜಗ್ಗಾಟ ಇನ್ನೂ ಮುಗಿದಿಲ್ಲ.

ಎರಡನೆಯ ಗುಂಪು, ಸಕ್ರಮವಾಗಿ ವಿಮಾನದಲ್ಲಿ ಬಂದು ವೀಸಾ ಅವಧಿ ಮುಗಿದ ಮೇಲೂ ಉಳಿದವರದು. ಮೂರನೆಯದು ನಾವು ಬಹಳವಾಗಿ ಮರೆಯುವ ಗುಂಪು. ತಾವೇನೂ ಮಾಡದೆ, ಒಂದು ಕಾಗದ ರದ್ದಾದ ಕಾರಣಕ್ಕೆ ರಾತ್ರಿ ಕಳೆದು ಬೆಳಗಾಗುವುದರೊಳಗೆ ಅಕ್ರಮರಾದವರು ಇದರಲ್ಲಿದ್ದಾರೆ. 2014ರಲ್ಲಿ ಇಂಗ್ಲಿಷ್ ಭಾಷಾ ಪರೀಕ್ಷೆಯ ಕೆಲವು ಕೇಂದ್ರಗಳಲ್ಲಿ ನಡೆಯುತ್ತಿದ್ದ ಮೋಸವನ್ನು ಬಿಬಿಸಿ ಬಯಲಿಗೆಳೆಯಿತು. ಮೋಸ ನಿಜವೇ. ಆದರೆ ಆಮೇಲೆ 2011ರಿಂದ 2014ರವರೆಗೆ ಈ ದೇಶದಲ್ಲಿ ನಡೆದ 58,458 ಪರೀಕ್ಷೆಗಳಲ್ಲಿ ಶೇಕಡಾ 97ರಷ್ಟು ಸಂಶಯಾಸ್ಪದವೆಂದು ಪರೀಕ್ಷಾ ಸಂಸ್ಥೆ ವರದಿ ಕೊಟ್ಟಿತು. ಅದರ ಆಧಾರದ ಮೇಲೆ ಸಾವಿರಾರು ವಿದ್ಯಾರ್ಥಿಗಳ ವೀಸಾ ರದ್ದಾಯಿತು. ಅವರಲ್ಲಿ ಭಾರತೀಯರೂ ಇದ್ದರು. ಯಾವುದೇ ಪ್ರಯೋಗಾಲಯ ನೂರರಲ್ಲಿ ತೊಂಬತ್ತೇಳು ಜನರಿಗೆ ರೋಗವಿದೆಯೆಂದು ವರದಿ ಕೊಟ್ಟರೆ, ವೈದ್ಯನಾದವನು ಮೊದಲು ಪರೀಕ್ಷೆಯನ್ನೇ ಪರೀಕ್ಷಿಸುತ್ತಾನೆ. ಇಲ್ಲಿ ಹಾಗಾಗಲಿಲ್ಲ. ಈಚಿನ ವರ್ಷಗಳಲ್ಲಿ ವೃದ್ಧರ ಆರೈಕೆಗೆಂದು ಭಾರತದಿಂದ ಬಂದ ಕೆಲಸಗಾರರಿಗೂ ಇದೇ ಗತಿ ಒದಗಿತು. ಅವರನ್ನು ಕರೆಸಿಕೊಂಡ ಕಂಪನಿಯ ಪರವಾನಗಿ ರದ್ದಾದರೆ, ಹೊಸ ಪ್ರಾಯೋಜಕರನ್ನು ಹುಡುಕಲು ಅವರಿಗೆ ಸಿಗುತ್ತಿದ್ದುದು ಸಾಮಾನ್ಯವಾಗಿ 60 ದಿನ ಮಾತ್ರ.

ಅಂದಮೇಲೆ ಅಕ್ರಮ ಎಂಬುದು ಮನುಷ್ಯನ ಗುಣವಲ್ಲ. ಆತನಿಗೂ ಒಂದು ಕಾಗದಕ್ಕೂ ಇರುವ ಸಂಬಂಧದ ಹೆಸರು. ಕಾಗದ ಜೇಬಿನಲ್ಲಿರುತ್ತದೆ, ಮುಖದ ಮೇಲಲ್ಲ. ಈ ಸರಳ ಸತ್ಯದಿಂದಲೇ ಮುಂದಿನ ತೊಡಕುಗಳೆಲ್ಲ ಹುಟ್ಟುತ್ತವೆ.

ಪ್ರಜೆಯಿಂದ ಪರಕೀಯನವರೆಗೆ

1948ರ ಬ್ರಿಟಿಷ್ ರಾಷ್ಟ್ರೀಯತಾ ಕಾಯಿದೆ ಸಾಮ್ರಾಜ್ಯದ ಹಳೆಯ ಪ್ರಜೆಗಳೆಲ್ಲರಿಗೂ ಈ ದೇಶದ ಬಾಗಿಲನ್ನು ತೆರೆದಿಟ್ಟಿತ್ತು. ಸ್ವತಂತ್ರ ಭಾರತದ ನಾಗರಿಕನೂ ಕಾಮನ್‌ವೆಲ್ತ್ ನಾಗರಿಕನೆಂಬ ನೆಲೆಯಲ್ಲಿ ತಡೆಯಿಲ್ಲದೆ ಬರಬಹುದಾಗಿತ್ತು. ಹೀತ್ರೂ ವಿಮಾನ ನಿಲ್ದಾಣಕ್ಕೆ, ಸೌತಾಲ್‌ನ ಕಾರ್ಖಾನೆಗಳಿಗೆ, ಆಸ್ಪತ್ರೆಗಳಿಗೆ ಆಗ ಕೈಗಳು ಬೇಕಾಗಿದ್ದವು. ಹೌನ್ಸ್ಲೋ ಇಂದಿನ ಹೌನ್ಸ್ಲೋ ಆದದ್ದು ಹೀಗೆಯೇ. 2021ರ ಜನಗಣತಿಯಲ್ಲಿ ಈ ಬರೋದ ನಿವಾಸಿಗಳಲ್ಲಿ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಜನ ತಮ್ಮನ್ನು ಏಷ್ಯನ್ ಮೂಲದವರೆಂದು ಗುರುತಿಸಿಕೊಂಡರು.

ಬಾಗಿಲು ಹಂತಹಂತವಾಗಿ ಮುಚ್ಚಿತು. 1962ರ ಕಾಯಿದೆ ಉದ್ಯೋಗದ ವೋಚರ್ ಪದ್ಧತಿಯನ್ನು ತಂದಿತು. 1968ರ ಕಾಯಿದೆ ಇನ್ನೂ ಮುಂದೆ ಹೋಯಿತು. ಕೆನ್ಯಾದಲ್ಲಿದ್ದ ಭಾರತೀಯ ಮೂಲದವರ ಕೈಯಲ್ಲಿ ಬ್ರಿಟಿಷ್ ಪಾಸ್‌ಪೋರ್ಟ್ ಇದ್ದರೂ, ತಂದೆ ತಾಯಿಯೋ ಅಜ್ಜ ಅಜ್ಜಿಯೋ ಬ್ರಿಟನ್ನಿನಲ್ಲಿ ಹುಟ್ಟಿರದಿದ್ದರೆ ಅವರ ಪ್ರವೇಶಕ್ಕೆ ನಿರ್ಬಂಧ ಬಿತ್ತು. ಈ ಮಸೂದೆ ಸಂಸತ್ತಿನಲ್ಲಿ ಮೂರೇ ದಿನಗಳಲ್ಲಿ ಅಂಗೀಕಾರವಾಯಿತು. ಕಾಯಿದೆಯಲ್ಲಿ ಬಣ್ಣದ ಹೆಸರಿರಲಿಲ್ಲ, ಅಜ್ಜನ ಹೆಸರಿತ್ತು. ಆದರೆ ಯಾರ ಅಜ್ಜ ಎಲ್ಲಿ ಹುಟ್ಟಿದ್ದನೆಂಬುದು ಎಲ್ಲರಿಗೂ ತಿಳಿದಿತ್ತು. ಈ ಪ್ರಕರಣದಲ್ಲಿ ಜನಾಂಗದ ಆಧಾರದ ಮೇಲೆ ಮಾಡಿದ ತಾರತಮ್ಯವು ಮಾನವ ಘನತೆಗೆ ಕುಂದು ತರುವ ನಡವಳಿಕೆಯಾಗುತ್ತದೆಂದು ಯುರೋಪಿನ ಮಾನವ ಹಕ್ಕುಗಳ ಆಯೋಗ 1973ರಲ್ಲಿ ಅಭಿಪ್ರಾಯಪಟ್ಟಿತು. 1971ರ ವಲಸೆ ಕಾಯಿದೆ 1973ರ ಜನವರಿ 1ರಂದು ಜಾರಿಗೆ ಬಂದಿತು. 1981ರ ರಾಷ್ಟ್ರೀಯತಾ ಕಾಯಿದೆ 1983ರ ಜನವರಿ 1ರಿಂದ, ಈ ನೆಲದಲ್ಲಿ ಹುಟ್ಟಿದ ಮಾತ್ರಕ್ಕೇ ಪೌರತ್ವ ದೊರೆಯುವ ಹಳೆಯ ಪದ್ಧತಿಯನ್ನು ಕೊನೆಗಾಣಿಸಿತು.

ಭಾರತವೂ ಇದೇ ದಾರಿಯಲ್ಲಿ ನಡೆದಿದೆಯೆಂಬುದನ್ನು ಮರೆಯಬಾರದು. ಅಲ್ಲಿ 1987ರ ಜುಲೈ 1ಕ್ಕೆ ಮೊದಲು ಹುಟ್ಟಿದವರಿಗೆ ಹುಟ್ಟೇ ಸಾಕಾಗಿತ್ತು. ನಂತರ ಹೆತ್ತವರಲ್ಲಿ ಒಬ್ಬರಾದರೂ ಭಾರತೀಯ ನಾಗರಿಕರಾಗಿರಬೇಕೆಂಬ ನಿಯಮ ಬಂದಿತು. 2004ರ ಡಿಸೆಂಬರ್ 3ರಿಂದ, ಇನ್ನೊಬ್ಬರು ಅಕ್ರಮ ವಲಸಿಗರಾಗಿರಕೂಡದೆಂಬ ಷರತ್ತೂ ಸೇರಿತು.

ಹೀತ್ರೂ ಮತ್ತು ನನ್ನ ವೃತ್ತಿ

ಇಲ್ಲಿಂದ ಕೆಲವೇ ಮೈಲಿ ದೂರದಲ್ಲಿ ನಡೆದ ಒಂದು ಘಟನೆಯನ್ನು ವೈದ್ಯನಾದ ನಾನು ಬಿಡಿಸಿ ಹೇಳಲೇಬೇಕು. 1979ರ ಜನವರಿ 24ರಂದು 35 ವರ್ಷದ ಭಾರತೀಯ ಶಿಕ್ಷಕಿಯೊಬ್ಬರು ಇಲ್ಲಿ ನೆಲೆಸಿದ್ದ ತಮ್ಮ ಭಾವೀ ಪತಿಯನ್ನು ಮದುವೆಯಾಗಲು ಹೀತ್ರೂಗೆ ಬಂದಿಳಿದರು. ಅಂದಿನ ನಿಯಮ ಹೀಗಿತ್ತು: ಪತ್ನಿಯಾಗಿ ಬರುವವಳಿಗೆ ಮುಂಗಡವಾಗಿ ಪ್ರವೇಶ ಪತ್ರ ಬೇಕು, ಅದಕ್ಕೆ ಬಹಳ ಕಾಲ ಕಾಯಬೇಕು, ಮೂರು ತಿಂಗಳೊಳಗೆ ಮದುವೆಯಾಗಲಿರುವ ವಧುವಿಗೆ ಅದು ಬೇಡ. ಈಕೆಗೆ ಆಗಲೇ ಮದುವೆಯಾಗಿರಬಹುದೆಂದು ಅಧಿಕಾರಿಗೆ ಸಂಶಯ ಬಂದಿತು. ಮದುವೆಯಾಗದ ಭಾರತೀಯ ಹೆಣ್ಣು ಕನ್ಯೆಯೇ ಆಗಿರುತ್ತಾಳೆ ಎಂಬುದು ಆತನ ಊಹೆ. ವಿಮಾನ ನಿಲ್ದಾಣದ ಪುರುಷ ವೈದ್ಯನೊಬ್ಬ ಆಕೆಯ ಕನ್ಯತ್ವವನ್ನು ಪರೀಕ್ಷಿಸಿದ. ಆಕೆ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ್ದರು. ಆದರೆ ಒಪ್ಪದಿದ್ದರೆ ಹಿಂದಕ್ಕೆ ಕಳುಹಿಸುತ್ತಾರೆಂಬ ಭಯದಲ್ಲಿ ಹಾಕಿದ ಸಹಿಯನ್ನು ವೈದ್ಯಕೀಯ ನೀತಿ ಒಪ್ಪಿಗೆಯೆಂದು ಪರಿಗಣಿಸುವುದಿಲ್ಲ.

ಫೆಬ್ರವರಿ 1ರಂದು ಗಾರ್ಡಿಯನ್ ಪತ್ರಿಕೆ ಇದನ್ನು ಪ್ರಕಟಿಸಿತು. ಭಾರತ ಸರ್ಕಾರ ಪ್ರತಿಭಟಿಸಿತು. ಗೃಹ ಸಚಿವ ಮರ್ಲಿನ್ ರೀಸ್ ಅವರು ಪದ್ಧತಿಯನ್ನು ನಿಲ್ಲಿಸಿದರು. ಇಂಥ ಪರೀಕ್ಷೆಗಳು ಒಂದೆರಡು ಮಾತ್ರವೆಂಬ ಮಾತು ಆಗ ಕೇಳಿಬಂದಿತ್ತು. ಆದರೆ 2011ರಲ್ಲಿ ಆಸ್ಟ್ರೇಲಿಯಾದ ಇಬ್ಬರು ಸಂಶೋಧಕರು ಹಳೆಯ ಸರ್ಕಾರಿ ಕಡತಗಳನ್ನು ಶೋಧಿಸಿ, ಕನಿಷ್ಠ 80 ಮಹಿಳೆಯರು ಇದಕ್ಕೆ ಗುರಿಯಾಗಿದ್ದರೆಂದು ತೋರಿಸಿದರು. ಅವರಲ್ಲಿ ಬಹುಪಾಲು ಮಂದಿಯ ಪರೀಕ್ಷೆ ನಡೆದದ್ದು ಭಾರತದಲ್ಲಿದ್ದ ಬ್ರಿಟಿಷ್ ಕಚೇರಿಗಳಲ್ಲಿ.

ವೈದ್ಯಶಾಸ್ತ್ರದ ದೃಷ್ಟಿಯಿಂದ ಕನ್ಯತ್ವ ಪರೀಕ್ಷೆ ಎಂಬುದೇ ಒಂದು ಸುಳ್ಳು. ಕನ್ಯಾಪೊರೆಯನ್ನು ನೋಡಿ ಹೆಣ್ಣಿನ ಪೂರ್ವ ಜೀವನವನ್ನು ಹೇಳಲು ಸಾಧ್ಯವಿಲ್ಲ. ಆ ಪರೀಕ್ಷೆಯನ್ನು ಜಗತ್ತಿನಾದ್ಯಂತ ನಿಲ್ಲಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯೂ ಇತರ ವಿಶ್ವಸಂಸ್ಥೆಯ ಅಂಗಗಳೂ 2018ರಲ್ಲಿ ಕರೆ ಕೊಟ್ಟಿವೆ. ಇದರ ಜೊತೆಜೊತೆಗೆ ಮಕ್ಕಳ ವಯಸ್ಸನ್ನು ತಿಳಿಯಲು ಮೂಳೆಗಳ ಎಕ್ಸ್-ರೇ ತೆಗೆಯುವ ಪದ್ಧತಿಯೂ ನಡೆಯಿತು. 1982ರಲ್ಲಿ ಅದನ್ನು ಕೈಬಿಡಲಾಯಿತು. ಕೈ ಮತ್ತು ಮಣಿಕಟ್ಟಿನ ಎಕ್ಸ್-ರೇಯಿಂದ ಮೂಳೆಯ ವಯಸ್ಸನ್ನು ಅಳೆಯಲು ವೈದ್ಯರು ಬಹುಕಾಲ ಬಳಸಿದ ಪ್ರಸಿದ್ಧ ಚಿತ್ರಸಂಪುಟವು 1930ರ ದಶಕದಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್ ನಗರದ, ಚೆನ್ನಾಗಿ ಉಂಡು ಬೆಳೆದ ಬಿಳಿಯ ಮಕ್ಕಳ ಚಿತ್ರಗಳಿಂದ ರಚಿತವಾದದ್ದು. ಇಂಥ ಅಳತೆಗೋಲಿನಲ್ಲಿ ಎರಡು ವರ್ಷ ಆಚೀಚೆಯಾಗುವುದು ಸಾಮಾನ್ಯ. ಹದಿನೆಂಟರ ಗೆರೆಯ ಈಚೆಗೋ ಆಚೆಗೋ ಎಂಬ ಪ್ರಶ್ನೆಗೆ ಎರಡು ವರ್ಷದ ತಪ್ಪೆಂದರೆ ಉತ್ತರವೇ ಇಲ್ಲವೆಂದು ಅರ್ಥ. 2022ರ ಕಾಯಿದೆ ವೈಜ್ಞಾನಿಕ ವಿಧಾನಗಳಿಂದ ವಯಸ್ಸನ್ನು ನಿರ್ಧರಿಸಲು ಮತ್ತೆ ಅವಕಾಶ ಕಲ್ಪಿಸಿದ್ದರಿಂದ ಈ ಹಳೆಯ ಚರ್ಚೆ ಪುನಃ ಜೀವ ತಳೆದಿದೆ.

ಇದನ್ನು ಇಷ್ಟು ದೀರ್ಘವಾಗಿ ಹೇಳಿದ್ದೇಕೆ? ನಿಯಮವೊಂದನ್ನು ಜಾರಿಗೊಳಿಸಬೇಕಾಗಿತ್ತು. ಸತ್ಯವನ್ನು ತಿಳಿಯುವ ಸಾಧನ ಅಧಿಕಾರಿಯ ಕೈಯಲ್ಲಿರಲಿಲ್ಲ. ಆ ಖಾಲಿ ಜಾಗವನ್ನು ಪೂರ್ವಗ್ರಹ ತುಂಬಿತು. ಪೂರ್ವಗ್ರಹಕ್ಕೆ ಬಿಳಿಯ ಕೋಟು ತೊಡಿಸಿ ಅದನ್ನು ವಿಜ್ಞಾನವೆಂದು ಕರೆದವರು ನನ್ನ ವೃತ್ತಿಬಾಂಧವರು.

ನಮ್ಮ ಬೀದಿಯಲ್ಲಿ ಓಡಾಡಿದ ವಾಹನ

2013ರ ಜುಲೈ ತಿಂಗಳಲ್ಲಿ ಗೃಹ ಇಲಾಖೆ ಲಂಡನ್ನಿನ ಆರು ಬರೋಗಳಲ್ಲಿ ಜಾಹೀರಾತು ಫಲಕ ಹೊತ್ತ ಎರಡು ವಾಹನಗಳನ್ನು ಓಡಿಸಿತು. ಬಾರ್ಕಿಂಗ್ ಮತ್ತು ಡ್ಯಾಗನಂ, ರೆಡ್‌ಬ್ರಿಜ್, ಬಾರ್ನೆಟ್, ಬ್ರೆಂಟ್, ಈಲಿಂಗ್, ಮತ್ತು ಆರನೆಯದು ನಮ್ಮ ಹೌನ್ಸ್ಲೋ. ಅಕ್ರಮವಾಗಿ ಇಲ್ಲಿದ್ದರೆ ಊರಿಗೆ ಹೋಗಿ, ಇಲ್ಲವೇ ಬಂಧನಕ್ಕೆ ಸಿದ್ಧರಾಗಿ ಎಂಬುದು ಫಲಕದ ತಾತ್ಪರ್ಯ. ಕೆಳಗೊಂದು ದೂರವಾಣಿ ಸಂಖ್ಯೆ. ಮೂಲೆಯಲ್ಲಿ, ನಿಮ್ಮ ಪ್ರದೇಶದಲ್ಲಿ ಕಳೆದ ವಾರ 106 ಬಂಧನಗಳು ಎಂಬ ಮುದ್ರೆ.

ಫಲವೇನಾಯಿತು? ಇಲಾಖೆಯ ಲೆಕ್ಕದಲ್ಲಿ ಆ ಸಂಖ್ಯೆಗೆ 1,561 ಸಂದೇಶಗಳು ಬಂದವು; ಅವುಗಳಲ್ಲಿ 1,034 ಕುಚೋದ್ಯದವು. ವಾಹನಗಳನ್ನು ನೋಡಿ ದೇಶ ಬಿಟ್ಟವರು 11 ಮಂದಿ. 106 ಬಂಧನಗಳೆಂಬ ಮಾತು ಜನರನ್ನು ತಪ್ಪುದಾರಿಗೆಳೆಯುವಂಥದೆಂದು ಜಾಹೀರಾತು ನಿಯಂತ್ರಣ ಸಂಸ್ಥೆ ಅಕ್ಟೋಬರ್‌ನಲ್ಲಿ ತೀರ್ಪಿತ್ತಿತು. ಫಲಕ ಅಸಭ್ಯವೆಂಬ ದೂರನ್ನು ಮಾತ್ರ ಅದು ಒಪ್ಪಲಿಲ್ಲ. ಅದೇ ತಿಂಗಳು ಗೃಹ ಸಚಿವೆ ಥೆರೇಸಾ ಮೇ ಅವರೇ ಈ ಕ್ರಮವನ್ನು ಮುಂದುವರಿಸುವುದಿಲ್ಲವೆಂದರು.

ಹನ್ನೊಂದು ಮಂದಿಗಾಗಿ ಹೊರಟ ಆ ಮಾತನ್ನು ಓದಿದವರು ಎಷ್ಟು ಸಾವಿರವೋ! ಬಸ್ಸಿಗೆ ಕಾಯುತ್ತಿದ್ದ ಅಜ್ಜಿ, ಶಾಲೆಗೆ ಹೊರಟ ಮಗು, ರಾತ್ರಿ ಪಾಳಿ ಮುಗಿಸಿ ಬರುತ್ತಿದ್ದ ದಾದಿ. 1970ರ ದಶಕದಲ್ಲಿ ನ್ಯಾಷನಲ್ ಫ್ರಂಟ್ ಪಕ್ಷದ ಹಿಂಬಾಲಕರು ಗೋಡೆಗಳ ಮೇಲೆ ಬಳಿಯುತ್ತಿದ್ದುದು ಇದೇ ಎರಡು ಶಬ್ದಗಳನ್ನು: ಗೋ ಹೋಮ್. ಆ ಶಬ್ದಗಳ ನೆನಪಿರುವ ಹಿರಿಯರಿಗೆ, ಫಲಕದ ಮೊದಲಿಗಿದ್ದ ಅಕ್ರಮವಾಗಿ ಎಂಬ ಪದ ಕಣ್ಣಿಗೆ ಬೀಳುವುದು ಕಷ್ಟ. ಮದ್ದಿನ ಗುಣಕ್ಕಿಂತ ಅಡ್ಡಪರಿಣಾಮವೇ ಹೆಚ್ಚಾದರೆ ವೈದ್ಯ ಅದನ್ನು ನಿಲ್ಲಿಸಬೇಕಾಗುತ್ತದೆ.

ಮನೆ ಮಾಲೀಕ, ದಾದಿ, ಗುಮಾಸ್ತ

ವಾಹನಗಳು ಹೋದವು, ನೀತಿ ಹೋಗಲಿಲ್ಲ. 2014 ಮತ್ತು 2016ರ ವಲಸೆ ಕಾಯಿದೆಗಳು ಗಡಿಯನ್ನು ಊರೊಳಗೆ ತಂದವು. ಮನೆ ಬಾಡಿಗೆಗೆ ಕೊಡುವವನು, ಬ್ಯಾಂಕಿನ ಗುಮಾಸ್ತ, ಕೆಲಸ ಕೊಡುವವನು ಇವರೆಲ್ಲರೂ ಎದುರಿಗಿದ್ದವನ ಕಾಗದಗಳನ್ನು ನೋಡಬೇಕಾಯಿತು, ತಪ್ಪಿದರೆ ದಂಡ.

ಇಲ್ಲಿ ಕುಳಿತಿರುವವರಲ್ಲಿ ಮನೆ ಬಾಡಿಗೆಗೆ ಕೊಟ್ಟಿರುವವರು ಇರಬಹುದು. ಇಬ್ಬರು ಬಾಡಿಗೆದಾರರು ಬರುತ್ತಾರೆ. ಒಬ್ಬನ ಕೈಯಲ್ಲಿ ಬ್ರಿಟಿಷ್ ಪಾಸ್‌ಪೋರ್ಟ್. ಇನ್ನೊಬ್ಬನದು ಅರ್ಥವಾಗದ ವೀಸಾ, ಉಚ್ಚರಿಸಲಾಗದ ಹೆಸರು. ದಂಡದ ಭಯವಿರುವ ಮಾಲೀಕ ಯಾರಿಗೆ ಬೀಗದ ಕೈ ಕೊಡುತ್ತಾನೆ? ಅವನಲ್ಲಿ ದ್ವೇಷವಿರಬೇಕಾದ್ದಿಲ್ಲ, ಭಯವಿದ್ದರೆ ಸಾಕು. 2019ರ ಮಾರ್ಚ್‌ನಲ್ಲಿ ಹೈಕೋರ್ಟು ಈ ಬಾಡಿಗೆ ನಿಯಮ ಜನಾಂಗೀಯ ತಾರತಮ್ಯಕ್ಕೆ ಕಾರಣವಾಗುತ್ತಿದೆಯೆಂದು ಹೇಳಿತು. 2020ರಲ್ಲಿ ಮೇಲ್ಮನವಿ ನ್ಯಾಯಾಲಯವು ಒಂದಿಷ್ಟು ತಾರತಮ್ಯ ನಡೆಯುತ್ತದೆಂಬುದನ್ನು ಒಪ್ಪಿಕೊಂಡೂ ನಿಯಮ ಕಾನೂನುಬದ್ಧವೆಂದು ಎತ್ತಿಹಿಡಿಯಿತು.

ಇದರ ದಾರುಣ ಫಲವನ್ನು ಉಂಡವರು ವಿಂಡ್‌ರಷ್ ಪೀಳಿಗೆಯವರು. 1973ಕ್ಕೆ ಮೊದಲು ಕಾಮನ್‌ವೆಲ್ತ್ ದೇಶಗಳಿಂದ ಬಂದು ನೆಲೆಸಿದವರಿಗೆ ಇಲ್ಲಿರುವ ಹಕ್ಕು ಇತ್ತು. ಆದರೆ ಅದಕ್ಕೊಂದು ಪತ್ರವನ್ನು ಸರ್ಕಾರ ಕೊಟ್ಟಿರಲಿಲ್ಲ. ಅವರು ಬಂದಿಳಿದಾಗಿನ ಕಾರ್ಡುಗಳನ್ನು ಗೃಹ ಇಲಾಖೆ 2010ರಲ್ಲಿ ನಾಶಪಡಿಸಿತು. ಆಮೇಲೆ ಅವರಿಂದಲೇ ಪುರಾವೆ ಕೇಳಲಾಯಿತು. ಕೆಲಸ ಹೋದವರು, ಮನೆ ಹೋದವರು, ಬಂಧನಕ್ಕೊಳಗಾದವರು, ಗಡೀಪಾರಾದವರು ಇವರಲ್ಲಿದ್ದರು. ಹದಿಹರೆಯದಲ್ಲಿ ಜಮೈಕಾದಿಂದ ಬಂದು ದಶಕಗಳ ಕಾಲ ಲಂಡನ್ನಿನಲ್ಲಿ ದುಡಿದು ತೆರಿಗೆ ಕಟ್ಟಿದ ಒಬ್ಬರಿಗೆ ಕ್ಯಾನ್ಸರಿನ ವಿಕಿರಣ ಚಿಕಿತ್ಸೆಗೆ ಮೊದಲು 54,000 ಪೌಂಡು ಕಟ್ಟಬೇಕೆಂದು ಹೇಳಲಾಯಿತು. 2018ರಲ್ಲಿ ಇದೆಲ್ಲ ಬಯಲಾಗಿ, ಗೃಹ ಸಚಿವೆ ಆಂಬರ್ ರಡ್ ರಾಜೀನಾಮೆ ಕೊಟ್ಟರು. ಸಂತ್ರಸ್ತರು ಕೆರಿಬಿಯನ್ ದ್ವೀಪಗಳವರು ಮಾತ್ರವಲ್ಲ. ಭಾರತದಿಂದ ಬಂದವರೂ ಅವರಲ್ಲಿದ್ದಾರೆ.

ಆಸ್ಪತ್ರೆಯ ಮಾತಿಗೆ ಬಂದರೆ, ಒಂದು ಅಂಶವನ್ನು ಎಲ್ಲರೂ ತಿಳಿದಿರಬೇಕು. ಇಂಗ್ಲೆಂಡಿನಲ್ಲಿ ಜಿಪಿ ವೈದ್ಯರ ಬಳಿ ಹೆಸರು ನೋಂದಾಯಿಸಿಕೊಳ್ಳಲು ವೀಸಾ ಬೇಕಿಲ್ಲ. ತುರ್ತು ವಿಭಾಗದ ಚಿಕಿತ್ಸೆ ಉಚಿತ. ಕ್ಷಯ, ಎಚ್‌ಐವಿ ಮುಂತಾದ ಸಾಂಕ್ರಾಮಿಕ ರೋಗಗಳ ಚಿಕಿತ್ಸೆ ಎಲ್ಲರಿಗೂ ಉಚಿತ. ಇದು ದಾನವಲ್ಲ, ದೂರದೃಷ್ಟಿ. ಪಶ್ಚಿಮ ಲಂಡನ್ನಿನ ನಮ್ಮ ಬರೋಗಳಲ್ಲಿ ಕ್ಷಯರೋಗ ದೇಶದ ಸರಾಸರಿಗಿಂತ ಹೆಚ್ಚು. ಕೆಮ್ಮುತ್ತಿರುವವನು ಗೃಹ ಇಲಾಖೆಗೆ ಹೆದರಿ ಮನೆಯಲ್ಲೇ ಕುಳಿತರೆ, ಅವನ ಕೋಣೆಯಲ್ಲಿ ಮಲಗುವವರಿಗೂ, ಅವನು ಕೆಲಸ ಮಾಡುವ ಅಡಿಗೆಮನೆಯವರಿಗೂ ರೋಗ ಹರಡುತ್ತದೆ. ಕ್ಷಯದ ಕ್ರಿಮಿ ಪಾಸ್‌ಪೋರ್ಟ್ ಕೇಳುವುದಿಲ್ಲ. 2017ರಲ್ಲಿ ರೋಗಿಗಳ ವಿಳಾಸಗಳನ್ನು ಗೃಹ ಇಲಾಖೆಗೆ ಒದಗಿಸುವ ಒಪ್ಪಂದವೊಂದು ಜಾರಿಗೆ ಬಂದಾಗ ವೈದ್ಯರು ವಿರೋಧಿಸಿದ್ದು ಇದಕ್ಕಾಗಿ. 2018ರ ಮೇ ತಿಂಗಳಲ್ಲಿ ಅದನ್ನು ಬಹುಮಟ್ಟಿಗೆ ಸ್ಥಗಿತಗೊಳಿಸಲಾಯಿತು.

ವೈದ್ಯರೂ ಈ ಗಾಳಿಗೆ ಸಿಕ್ಕಿದ್ದಾರೆ. 2006ರ ಏಪ್ರಿಲ್‌ನಲ್ಲಿ, ಪರದೇಶದ ವೈದ್ಯರಿಗೆ ಕೆಲಸದ ಪರವಾನಗಿಯಿಲ್ಲದೆ ತರಬೇತಿ ಪಡೆಯಲು ಇದ್ದ ಅವಕಾಶ ಹಠಾತ್ತನೆ ನಿಂತಿತು. ಸಾಲ ಮಾಡಿ ಬಂದು, ಪ್ಲಾಬ್ ಪರೀಕ್ಷೆ ಮುಗಿಸಿ ಕೆಲಸಕ್ಕೆ ಕಾಯುತ್ತಿದ್ದ ನಮ್ಮ ಹುಡುಗ ಹುಡುಗಿಯರು ಅತಂತ್ರರಾದರು. ಭಾರತೀಯ ಮೂಲದ ವೈದ್ಯರ ಸಂಘ ಬಾಪಿಯೋ ನ್ಯಾಯಾಲಯಕ್ಕೆ ಹೋಯಿತು. ಬೇರೆ ವರ್ಗದ ವೀಸಾದಲ್ಲಿ ಸಕ್ರಮವಾಗಿ ಇದ್ದ ವೈದ್ಯರನ್ನೂ ಹಿಂದಕ್ಕೆ ತಳ್ಳುವಂತೆ ಆರೋಗ್ಯ ಇಲಾಖೆ ಆಸ್ಪತ್ರೆಗಳಿಗೆ ಕೊಟ್ಟಿದ್ದ ಮಾರ್ಗದರ್ಶನ ಕಾನೂನುಬಾಹಿರವೆಂದು ಹೌಸ್ ಆಫ್ ಲಾರ್ಡ್ಸ್ 2008ರ ಏಪ್ರಿಲ್‌ನಲ್ಲಿ ತೀರ್ಪು ನೀಡಿತು. ಅಷ್ಟರಲ್ಲಿ ಎಷ್ಟೋ ಮಂದಿ ಊರಿಗೆ ಮರಳಿದ್ದರು.

ನಮ್ಮ ಬೆನ್ನು ನಮಗೆ ಕಾಣದು

ಇಷ್ಟು ಕೇಳಿದ ಮೇಲೆ, ಇದೆಲ್ಲ ಬಿಳಿಯರ ದೋಷವೆಂದು ಸಮಾಧಾನಪಟ್ಟುಕೊಳ್ಳುವುದು ಸುಲಭ. ಹಾಗಾಗದಿರಲೆಂದು ಬೆಂಗಳೂರಿಗೆ ಹೋಗಿಬರೋಣ. 2020ರ ಜನವರಿಯಲ್ಲಿ ಬೆಳ್ಳಂದೂರಿನ ಬಳಿಯ ಕರಿಯಮ್ಮನ ಅಗ್ರಹಾರದಲ್ಲಿ ಕೂಲಿಕಾರರ ಗುಡಿಸಲುಗಳನ್ನು ಕೆಡವಲಾಯಿತು. ಅಲ್ಲಿರುವವರು ಬಾಂಗ್ಲಾದೇಶದ ಅಕ್ರಮ ವಲಸಿಗರೆಂಬುದು ಆರೋಪ. ಬೀದಿಗೆ ಬಿದ್ದವರು ಗುರುತಿನ ಚೀಟಿಗಳನ್ನು ತೆಗೆದು ತೋರಿಸಿದರು. ಅಸ್ಸಾಂ, ತ್ರಿಪುರಾದವರ ಜೊತೆಗೆ ನಮ್ಮ ಉತ್ತರ ಕರ್ನಾಟಕದವರೂ ಅಲ್ಲಿದ್ದರು! ಕನ್ನಡ ನಾಡಿನ ರಾಜಧಾನಿಯಲ್ಲಿ ಕನ್ನಡಿಗ ಕೂಲಿಕಾರನೇ ಪರದೇಶಿಯಾದ. ಬಡತನ, ತಗಡಿನ ಸೂರು, ಆಚೆಮನೆಯವನ ಬಂಗಾಳಿ ಮಾತು ಇಷ್ಟೇ ಸಾಕ್ಷ್ಯ. ರಾಜ್ಯದ ಹೈಕೋರ್ಟು ಮಧ್ಯೆ ಪ್ರವೇಶಿಸಿ ಈ ಕ್ರಮವನ್ನು ಟೀಕಿಸಿ, ನಿರಾಶ್ರಿತರಾದವರ ಪುನರ್ವಸತಿಯ ಹೊಣೆಯನ್ನು ಸರ್ಕಾರಕ್ಕೆ ನೆನಪಿಸಬೇಕಾಯಿತು.

ಅಸ್ಸಾಂನಲ್ಲಿ 2019ರ ಆಗಸ್ಟ್ 31ರಂದು ಪ್ರಕಟವಾದ ನಾಗರಿಕರ ಪಟ್ಟಿಯಿಂದ 19 ಲಕ್ಷಕ್ಕೂ ಹೆಚ್ಚು ಜನ ಹೊರಗುಳಿದರು. 1971ರ ಮಾರ್ಚ್ 24ರ ಮಧ್ಯರಾತ್ರಿಗೆ ಮೊದಲೇ ತಾವೋ ತಮ್ಮ ಹಿರಿಯರೋ ಅಲ್ಲಿದ್ದರೆಂಬುದಕ್ಕೆ ಅವರು ಕಾಗದ ತೋರಿಸಬೇಕಾಗಿತ್ತು. ವಿಂಡ್‌ರಷ್‌ನವರಿಂದ 1973ರ ಹಿಂದಿನ ಪುರಾವೆ ಕೇಳಿದ್ದನ್ನು ನೆನಪಿಸಿಕೊಳ್ಳಿ. ಹೆಸರಿನ ಅಕ್ಷರ ಒಂದು ಕಾಗದದಲ್ಲಿ ಒಂದು ಬಗೆ, ಇನ್ನೊಂದರಲ್ಲಿ ಮತ್ತೊಂದು ಬಗೆ. ಊರ ಹೆಸರು, ತಂದೆಯ ಹೆಸರು, ಇನಿಷಿಯಲ್ ಇವುಗಳನ್ನು ಇಂಗ್ಲಿಷ್ ಫಾರಂನ ಎರಡು ಚೌಕಗಳಿಗೆ ತುರುಕಲು ಹೆಣಗಿದ ನಮಗೆ ಈ ಕಷ್ಟ ಅರ್ಥವಾಗಬೇಕು. ಶಾಲೆಗೆ ಹೋಗದೆ, ಬಾಲ್ಯದಲ್ಲೇ ಮದುವೆಯಾಗಿ ಬೇರೆ ಊರು ಸೇರಿದ ಹೆಣ್ಣುಮಗಳ ಬಳಿ ಯಾವ ಕಾಗದವಿದ್ದೀತು?

ನಮ್ಮ ನಾಡಿಗೆ ಇನ್ನೊಂದು ಮುಖವೂ ಇದೆ. 1960ರ ದಶಕದ ಆರಂಭದಲ್ಲಿ ಟಿಬೆಟಿನಿಂದ ಓಡಿಬಂದವರಿಗೆ ಅಂದಿನ ಮೈಸೂರು ರಾಜ್ಯ ಬೈಲಕುಪ್ಪೆಯಲ್ಲಿ ಭೂಮಿ ಕೊಟ್ಟಿತು. ಕಾಡು ಕಡಿದು ಜೋಳ ಬೆಳೆದು ಅವರು ನೆಲೆಯೂರಿದರು. ಗಡಿ ಕಾಯುವುದು, ಕಷ್ಟದಲ್ಲಿ ಬಂದವರಿಗೆ ನೆಲೆ ಕೊಡುವುದು, ಇವೆರಡನ್ನೂ ಒಂದೇ ನಾಡು ಮಾಡಬಲ್ಲದು.

ಎದುರು ವಾದ

ನಾವು ವರ್ಷಗಟ್ಟಲೆ ಕಾದು, ಪರೀಕ್ಷೆ ಬರೆದು, ಶುಲ್ಕ ಕಟ್ಟಿ ಬಂದೆವು. ಸರದಿ ತಪ್ಪಿಸಿ ಬಂದವರ ಪರವಾಗಿ ನಾವೇಕೆ ಮಾತನಾಡಬೇಕು? ನಮ್ಮಲ್ಲಿ ಅನೇಕರ ಪ್ರಶ್ನೆ ಇದು. ನ್ಯಾಯವಾದ ಪ್ರಶ್ನೆಯೇ. ಯಾವ ದೇಶಕ್ಕಾದರೂ ತನ್ನ ಗಡಿಯನ್ನು ಕಾಯುವ ಹಕ್ಕಿದೆ. ನಿಯಮ ಪಾಲಿಸಿದವನಿಗೂ ಮುರಿದವನಿಗೂ ಒಂದೇ ಫಲವಾದರೆ ನಿಯಮಕ್ಕೆ ಬೆಲೆಯಿಲ್ಲ. ಕಾಗದವಿಲ್ಲದವನನ್ನು ಅರ್ಧ ಕೂಲಿಗೆ ದುಡಿಸಿಕೊಳ್ಳುವ ಮಾಲೀಕ ಇತರ ಕೆಲಸಗಾರರ ಹೊಟ್ಟೆಯ ಮೇಲೂ ಹೊಡೆಯುತ್ತಾನೆ. ಸೌತಾಲ್, ಹೌನ್ಸ್ಲೋ, ಸ್ಲೌಗಳ ಹಿತ್ತಲಿನ ಶೆಡ್ಡುಗಳಲ್ಲಿ ಜನರನ್ನು ಕೂಡಿಹಾಕಿ ಬಾಡಿಗೆ ವಸೂಲಿ ಮಾಡಿದವರಲ್ಲಿ ನಮ್ಮ ಉಪಖಂಡದವರೇ ಇದ್ದರೆಂಬುದು ಈ ಪ್ರದೇಶದಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ. ಇವರನ್ನು ಹಿಡಿಯುವ ಕಾನೂನಿಗೆ ನನ್ನ ಸಂಪೂರ್ಣ ಬೆಂಬಲವಿದೆ.

ಆದರೆ ಎರಡು ಮಾತು ಸೇರಿಸುತ್ತೇನೆ. ಮೊದಲನೆಯದು, ಯುದ್ಧದಿಂದ ಓಡುವವನಿಗೆ ನಿಲ್ಲಲು ಅನೇಕ ವೇಳೆ ಸರದಿಯೇ ಇರುವುದಿಲ್ಲ. ಎರಡನೆಯದು, ನಾವು ಸರದಿಯಲ್ಲಿ ನಿಂತು ಬಂದವರೆಂಬುದು ನಮ್ಮ ಮುಖ ನೋಡಿದವನಿಗೆ ತಿಳಿಯದು. 2024ರ ಜುಲೈ 29ರಂದು ಸೌತ್‌ಪೋರ್ಟಿನಲ್ಲಿ ಮೂವರು ಪುಟ್ಟ ಹೆಣ್ಣುಮಕ್ಕಳ ಕೊಲೆಯಾಯಿತು. ಕೊಲೆಗಾರ ದೋಣಿಯಲ್ಲಿ ಬಂದವನೆಂಬ ಸುಳ್ಳು ಹಬ್ಬಿತು. ಆತ ಹುಟ್ಟಿದ್ದು ಕಾರ್ಡಿಫ್‌ನಲ್ಲಿ. ಆನಂತರದ ಗಲಭೆಯಲ್ಲಿ ರಾದರಂ ಮತ್ತು ಟ್ಯಾಮ್‌ವರ್ತ್‌ಗಳಲ್ಲಿ ಆಶ್ರಯ ಕೋರಿದವರಿದ್ದ ಹೋಟೆಲುಗಳಿಗೆ ಬೆಂಕಿ ಹಚ್ಚಲಾಯಿತು. ಸಂಡರ್‌ಲ್ಯಾಂಡಿನಲ್ಲಿ ಆಸ್ಪತ್ರೆಯ ಕೆಲಸಕ್ಕೆ ಹೊರಟಿದ್ದ ಫಿಲಿಪೀನ್ಸಿನ ದಾದಿಯರ ಟ್ಯಾಕ್ಸಿಯ ಮೇಲೆ ಕಲ್ಲು ಬಿದ್ದವು. ಕಲ್ಲೆಸೆದವರು ಅವರ ವೀಸಾ ಕೇಳಲಿಲ್ಲ.

ಹುಟ್ಟಿನಿಂದ ಬ್ರಿಟಿಷರಾದವರಿಗೂ ಪೌರತ್ವ ಗುರಾಣಿಯಾಗುವುದಿಲ್ಲವೆಂಬುದಕ್ಕೆ ನಮ್ಮ ಬರೋದಲ್ಲೇ ಸಾಕ್ಷಿಯಿದೆ. ಫೆಲ್ಟಂನ ಯುವ ಅಪರಾಧಿಗಳ ಬಂದೀಖಾನೆಯಲ್ಲಿ 19 ವರ್ಷದ ಜಾಹಿದ್ ಮುಬಾರಕ್‌ನನ್ನು ಜನಾಂಗದ್ವೇಷಿಯೆಂದು ಗೊತ್ತಿದ್ದ ಯುವಕನ ಜೊತೆ ಒಂದೇ ಕೋಣೆಯಲ್ಲಿ ಇರಿಸಲಾಗಿತ್ತು. ಬಿಡುಗಡೆಯಾಗಬೇಕಿದ್ದ ದಿನ, 2000ದ ಮಾರ್ಚ್ 21ರ ಬೆಳಗಿನ ಜಾವ, ಆತ ಮಾರಣಾಂತಿಕ ಹಲ್ಲೆಗೊಳಗಾದ. ಸಾರ್ವಜನಿಕ ವಿಚಾರಣೆಯ ವರದಿ ಬರುವ ಹೊತ್ತಿಗೆ 2006 ಆಗಿತ್ತು.

ಮಾಡಬೇಕಾದದ್ದು

ಬರಿಯ ರೋಗನಿದಾನ ಹೇಳಿ ಎದ್ದು ಹೋಗುವುದು ವೈದ್ಯಧರ್ಮವಲ್ಲ. ಆದ್ದರಿಂದ ನಾಲ್ಕು ಸಲಹೆಗಳು.

ಮೊದಲನೆಯದಾಗಿ, ನಿಮ್ಮ ಕಾಗದಗಳನ್ನು ಕಾಪಾಡಿಕೊಳ್ಳಿ. ಹಳೆಯ ಪಾಸ್‌ಪೋರ್ಟುಗಳು, ಸಂಬಳದ ಚೀಟಿಗಳು, ಶಾಲಾ ಪತ್ರಗಳು ಇವನ್ನು ಎಸೆಯಬೇಡಿ. 2024ರ ಕೊನೆಗೆ ನಿವಾಸದ ಬಯೊಮೆಟ್ರಿಕ್ ಕಾರ್ಡುಗಳ ಅವಧಿ ಮುಗಿದು ಗಣಕದಲ್ಲಿರುವ ಇ-ವೀಸಾ ಬಂದಿದೆ. ಮನೆಯ ಹಿರಿಯರಿಗೆ ಅದರಲ್ಲಿ ನೆರವಾಗಿ.

ಎರಡನೆಯದಾಗಿ, ಮಕ್ಕಳ ಪೌರತ್ವವನ್ನು ಖಚಿತಪಡಿಸಿಕೊಳ್ಳಿ. ಇಲ್ಲಿ ಹುಟ್ಟುವಾಗ ತಂದೆ ತಾಯಿಯರಲ್ಲಿ ಒಬ್ಬರಾದರೂ ಬ್ರಿಟಿಷರೋ ಶಾಶ್ವತ ನೆಲಸುವ ಅನುಮತಿ ಉಳ್ಳವರೋ ಆಗಿದ್ದರೆ ಮಗು ಬ್ರಿಟಿಷ್. ಇಲ್ಲವಾದರೆ, ಹೆತ್ತವರಿಗೆ ಆ ಅನುಮತಿ ದೊರೆತ ಮೇಲೆ, ಅಥವಾ ಮಗು ಹುಟ್ಟಿನಿಂದ ಹತ್ತು ವರ್ಷ ಇಲ್ಲೇ ಬೆಳೆದ ಮೇಲೆ ನೋಂದಾಯಿಸಬಹುದು. ಶುಲ್ಕ ದುಬಾರಿಯಾದರೂ ವಿಳಂಬ ಮಾಡಬೇಡಿ. ಬ್ರಿಟಿಷ್ ಪೌರತ್ವ ಪಡೆದೊಡನೆ ಭಾರತೀಯ ಪೌರತ್ವ ಹೋಗುತ್ತದೆ; ಓಸಿಐ ಕಾರ್ಡು ಪೌರತ್ವವಲ್ಲ, ದೀರ್ಘಾವಧಿಯ ಪ್ರವೇಶದ ಸವಲತ್ತು ಮಾತ್ರ ಎಂಬುದನ್ನೂ ನೆನಪಿಡಿ.

ಮೂರನೆಯದಾಗಿ, ಕಾಗದದ ತೊಂದರೆಯಲ್ಲಿರುವ ಕನ್ನಡಿಗರು ನಮ್ಮ ನಡುವೆಯೂ ಇರಬಹುದು. ಅಂಥವರನ್ನು ಕಂಡರೆ ಪಿಸುಮಾತಿಗೆ ಆಹಾರ ಮಾಡಿಕೊಳ್ಳದೆ ಅಧಿಕೃತ ಪರವಾನಗಿಯುಳ್ಳ ವಲಸೆ ಸಲಹೆಗಾರರ ಬಳಿಗೆ ಕಳುಹಿಸಿ. ಕಾಯಿಲೆಯಾದರೆ ಧೈರ್ಯ ಹೇಳಿ ವೈದ್ಯರಲ್ಲಿಗೆ ಕರೆದೊಯ್ಯಿರಿ.

ಕೊನೆಯದಾಗಿ, ನಮ್ಮ ನಾಲಗೆಯನ್ನು ಪರೀಕ್ಷಿಸಿಕೊಳ್ಳೋಣ. ಊಟದ ಮೇಜಿನಲ್ಲಿ ಸೊಮಾಲಿಯಾದವರ ಬಗ್ಗೆ, ಪೂರ್ವ ಯುರೋಪಿನವರ ಬಗ್ಗೆ, ಬಾಂಗ್ಲಾದವರ ಬಗ್ಗೆ ನಾವಾಡುವ ಮಾತುಗಳನ್ನು ಮಕ್ಕಳು ಕೇಳಿಸಿಕೊಳ್ಳುತ್ತಾರೆ. ಐವತ್ತು ವರ್ಷದ ಹಿಂದೆ ಇದೇ ಮಾತುಗಳನ್ನು ನಮ್ಮವರ ಬಗ್ಗೆ ಆಡುತ್ತಿದ್ದರು. ಏರಿಬಂದ ಏಣಿಯನ್ನು ಒದೆಯುವುದು ಸುಸಂಸ್ಕೃತರ ಲಕ್ಷಣವಲ್ಲ.

ಕಾನೂನು ಕಾಗದವನ್ನು ನೋಡಲಿ. ಅದು ಅದರ ಕೆಲಸ. ಮುಖ ನೋಡಿ ಕಾಗದವನ್ನು ಊಹಿಸುವ ಕೆಲಸವನ್ನು ಅಧಿಕಾರಿಯಾಗಲಿ, ಮನೆ ಮಾಲೀಕನಾಗಲಿ, ವೈದ್ಯನಾಗಲಿ, ನೆರೆಯವನಾಗಲಿ ಮಾಡಬಾರದು. ಜ್ವರವಿರುವ ಎತ್ತಿಗೆ ಔಷಧಿ ದೊರೆಯಲಿ, ಎಮ್ಮೆಯ ಮೈಮೇಲೆ ಇನ್ನಷ್ಟು ಬರೆಗಳು ಬೀಳದಿರಲಿ.